ಬೆಕ್ಕು ಮೂಸಿದ ಕೈ

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದರೂ ಕಿಸಕ್ಕೆಂದರೆ ನಾನು ಎದ್ದು ಮಲಗಲು ಹೋಗುತ್ತೇನೆ... ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ಕುರ್ಚಿ, ಸೋಫಾ ರಿಪೇರಿ ಮಾಡುತ್ತಾನಲ್ಲ, ಅವನೇ. ಕೆಲಸ ಮಾಡುವಾಗ ತುಟಿಯ ನಡುವೆ ಹತ್ತಿಪ್ಪತ್ತು ಸಣ್ಣ ಮೊಳೆ ಕಚ್ಚಿಕೊಂಡಿರುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ಮೊಳೆಬಾಯಿ ಅನ್ನುವುದು.

ಆ ರಾತ್ರಿ ಅವನು ಅಂಗಡಿ ಮುಚ್ಚಿ ಹಾಳುಬಾವಿಯ ದಾರಿ ಹಿಡಿದಿದ್ದ. ಹತ್ತು ಗಂಟೆ ದಾಟಿತ್ತು. ದೊಡ್ಡ ಬೀದಿಯಲ್ಲಿ ಹೋಗಿದ್ದರೆ ದೀಪವಿತ್ತು, ಜನರಿದ್ದರು, ಐದೇ ನಿಮಿಷಕ್ಕೆ ಮನೆ. ಆದರೂ ಒಂಬತ್ತು ದಿನದಿಂದ ಬಾವಿಯ ಕಡೆಯಿಂದಲೇ ಸುತ್ತಿಕೊಂಡು ಹೋಗುತ್ತಿದ್ದ. ದೊಡ್ಡ ಬೀದಿಯಲ್ಲಿ ಡ್ರೈವರಣ್ಣನ ಹೆಂಡತಿಯ ಮನೆ. ಆಕೆಗೆ ಮುಖ ತೋರಿಸುವ ಧೈರ್ಯ ಇವನಿಗಿರಲಿಲ್ಲ.

ಆದದ್ದು ಇಷ್ಟು. ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣ ತೀರಿಕೊಂಡು ಒಂದು ವರ್ಷವಾಗಿತ್ತು. ದಿನಾ ಕೆಲಸ ಮುಗಿಸಿ ಬಂದು ಆತ ಕೂರುತ್ತಿದ್ದ ಕುರ್ಚಿಯೊಂದು ಮನೆಯಲ್ಲಿ ಉಳಿದಿತ್ತು. ಆತ ಕೂತರೂ ಎದ್ದರೂ ಅದರ ಸ್ಪ್ರಿಂಗು ಕಿರ್ರ್... ಟೊಕ್ ಅನ್ನುತ್ತಿತ್ತು. ಕೊನೆಗೊಂದು ದಿನ ಆ ಸ್ಪ್ರಿಂಗು ಕಳಚಿ ಕೆಳಗೆ ಜೋತುಬಿತ್ತು. ಹೆಂಡತಿ ಕುರ್ಚಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ಮೊಳೆಬಾಯಿಯ ಅಂಗಡಿಗೆ ತಂದಳು.

"ಸ್ಪ್ರಿಂಗ್ ಒಂದು ಸರಿಮಾಡಪ್ಪ. ಬಟ್ಟೆ ಮಾತ್ರ ಮುಟ್ಟಬೇಡ."

ಇವನು ಹೂಂ ಅಂದ. ಅಂದಮೇಲೆ ಸುಮ್ಮನಿರಬೇಕಿತ್ತು ತಾನೆ? ಕೈ ಕೇಳಬೇಕಲ್ಲ! ಕುರ್ಚಿಯ ಬಲಗಡೆ, ಕೈ ಇಡುವ ಜಾಗದಲ್ಲಿ ಬಟ್ಟೆ ಜಿಡ್ಡುಗಟ್ಟಿ ಕಪ್ಪಾಗಿತ್ತು. ಮನೆಯ ಬೂದು ಬೆಕ್ಕು ಕೆನ್ನೆ ಉಜ್ಜಿ ಉಜ್ಜಿ ನೂಲು ಎದ್ದಿತ್ತು. ಹೊಸ ಸ್ಪ್ರಿಂಗು ಹಾಕಿ ಇಂಥ ಕೊಳಕು ಬಟ್ಟೆಯಲ್ಲಿ ಕಳಿಸಿದರೆ ತನ್ನ ಕೆಲಸದ ಮರ್ಯಾದೆ ಏನಾಗಬೇಕು ಅನ್ನಿಸಿತು. ಯಾರದೋ ಸೋಫಾಕ್ಕೆ ತಂದ ಹಸಿರು ಮಖಮಲ್ಲು ಮಿಕ್ಕಿತ್ತು. ಹಳೇ ಬಟ್ಟೆಯನ್ನು ಪರ್ರನೆ ಕಿತ್ತ. ಅಂಟು ಕಾಯಿಸುವ ಒಲೆಗೆ ತುರುಕಿದ. ಬಿಟ್ಟಿ ಸಿಕ್ಕಿದ ಮಖಮಲ್ಲನ್ನು ಯಾರು ಬೇಡ ಅನ್ನುತ್ತಾರೆ ಅಂದುಕೊಂಡ.

ಕುರ್ಚಿ ಮನೆಗೆ ಹೋಯಿತು. ಕೊನೆಯ ನಾಲ್ಕು ಮೊಳೆಯನ್ನು ಅಲ್ಲೇ ಕೂತು ಬಡಿಯುತ್ತಿದ್ದ. ಆಕೆ ಹಸಿರು ಬಟ್ಟೆಯನ್ನೇ ನೋಡುತ್ತಾ ನಿಂತಳು.

"ಹಳೇ ಬಟ್ಟೆ ಎಲ್ಲಪ್ಪಾ?"

"ಒಳಗೆಲ್ಲ ಇಲಿ ತಿಂದುಬಿಟ್ಟಿತ್ತಕ್ಕಾ. ಮುಟ್ಟಿದ ತಕ್ಷಣ ಪುಡಿಪುಡಿ ಆಯ್ತು."

ಮೊಳೆ ಕಚ್ಚಿಕೊಂಡೇ ಅಂದ. ಬಾಯಲ್ಲಿ ಮೊಳೆ ಇದ್ದರೆ ಸುಳ್ಳು ಹೇಳುವುದು ಸಲೀಸು, ಮುಖ ಎತ್ತಬೇಕಾಗಿಲ್ಲ. ಆದರೂ ನೋಡಿ, ಬೆಕ್ಕು ಮಲಗುವ ಕುರ್ಚಿಗೆ ಇಲಿಯಂತೆ!

ಆಕೆ ಜಗಳ ಆಡಲಿಲ್ಲ. ಆಗಲೇ ಬೂದು ಬೆಕ್ಕು ಕುರ್ಚಿಗೆ ಹಾರಿತು. ಕುರ್ಚಿಯ ಬಲಗಡೆಯ ಕೈ ಮೂಸಿತು. ಇನ್ನೊಮ್ಮೆ ಮೂಸಿತು. ಆಕೆ ಉಸಿರು ಬಿಗಿಹಿಡಿದು ಬೆಕ್ಕಿನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಆಗಲಿಲ್ಲ. ಬೆಕ್ಕು ಕೆಳಗೆ ಹಾರಿ, ಕಿಟಕಿಯಿಂದ ಹೊರಗೆ ಹೋಯಿತು. ಮತ್ತೆ ಬರಲಿಲ್ಲ. ಅಂದಿನಿಂದ ಆಕೆ ರಾತ್ರಿ ಬಾಗಿಲಲ್ಲಿ ನಿಂತು ಬೆಕ್ಕಿನ ಬಟ್ಟಲಿಗೆ ಚಮಚ ಬಡಿಯುತ್ತಿದ್ದಳು. ಟಿಣ್... ಟಿಣ್... ಟಿಣ್. ಮೊದಲ ದಿನ ಆ ಸದ್ದು ಕೇಳಿ ಮೊಳೆಬಾಯಿ ತಲೆ ತಗ್ಗಿಸಿಕೊಂಡು ಬೇಗ ಬೇಗ ದಾಟಿಹೋದ. ಮರುದಿನವೇ ದಾರಿ ಬದಲಾಯಿಸಿದ.

ಈಗ ಬಾವಿಯ ಹತ್ತಿರ ಬನ್ನಿ.

ಗಾಳಿ ಇರಲಿಲ್ಲ. ಅವನ ಚಪ್ಪಲಿಯದೇ ಸದ್ದು... ಚರ್, ಚರ್. ಬಾವಿಕಟ್ಟೆಯ ಹತ್ತಿರ ಬಂದಾಗ ಎಡಕ್ಕೆ, ಕತ್ತಲೆಯಲ್ಲಿ...

ಕಿರ್ರ್... ಟೊಕ್.

ನಿಂತ. ಇಪ್ಪತ್ತು ವರ್ಷದಿಂದ ಕುರ್ಚಿಯ ಜೊತೆ ಬದುಕಿದವನು, ಯಾವ ಸ್ಪ್ರಿಂಗಿನ ದನಿ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಸ್ಪ್ರಿಂಗನ್ನು ಅವನೇ ಬಿಚ್ಚಿ ಗುಜರಿಗೆ ಹಾಕಿದ್ದ. ಅಲ್ಲಿ ಕುರ್ಚಿ ಇರಲಿಲ್ಲ. ಕಲ್ಲು, ಹುಲ್ಲು, ಅಷ್ಟೇ.

"ಯಾರು?" ಅಂದ.

ಕಟ್ಟೆಯ ಹಿಂದಿನಿಂದ ಬೂದು ಬೆಕ್ಕು ಬಂತು. ಬಾಲ ನೆಟ್ಟಗೆ. ನೇರ ಬರಲಿಲ್ಲ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಯಾರದೋ ಕಾಲಿಗೆ ಉಜ್ಜುವ ಹಾಗೆ ಕೆನ್ನೆಯನ್ನು ಗಾಳಿಗೆ ಉಜ್ಜುವುದು. ಒಂದು ಸುತ್ತು ಬಂದು ಆ ಕಡೆಯ ಕೆನ್ನೆ, ಮತ್ತೆ ಈ ಕಡೆಯ ಕೆನ್ನೆ. ಗುರ್ರ್... ಗುರ್ರ್... ಅನ್ನುವುದು ಬೇರೆ. ಉಜ್ಜುತ್ತಾ ಉಜ್ಜುತ್ತಾ ಇವನ ಹತ್ತಿರವೇ ಬಂತು. ಅದು ಯಾರ ಕಾಲಿಗೆ ಉಜ್ಜುತ್ತಿತ್ತೋ, ಅವರೂ ಹತ್ತಿರ ಬಂದಿದ್ದರು ಅಂತ ತಾನೆ ಅರ್ಥ?

ಆಮೇಲೆ ಮೊಳೆಬಾಯಿಯ ಬಲಗೈ ಮೇಲೆ ಭಾರ ಬಿತ್ತು. ಕುರ್ಚಿಯ ಕೈ ಮೇಲೆ ಅಂಗೈ ಊರಿ ಕೂರುತ್ತಾರಲ್ಲ, ಹಾಗೆ. ಬಿಗಿ ಇಲ್ಲ, ನೋವಿಲ್ಲ. ಬರೀ ಭಾರ.

"ತಪ್ಪಾಯ್ತಣ್ಣ..." ಅಂದ. "ನಾನೇ ಸುಟ್ಟೆ."

ಬೆಕ್ಕು ಆ ಕೈಯನ್ನು ಮೂಸಿತು. ಬಾಯಿ ಅರ್ಧ ತೆರೆಯಿತು. ಮೇಲ್ತುಟಿ ಮೇಲೆತ್ತಿ, ಹಲ್ಲು ತೋರಿಸಿ, ಕಣ್ಣು ಕಿರಿದು ಮಾಡಿ, ಮರೆತ ಹೆಸರು ನೆನಪು ಮಾಡಿಕೊಳ್ಳುವವರ ಹಾಗೆ ನಿಂತುಬಿಟ್ಟಿತು. ಅದರ ಬಾಯೊಳಗೆ ಗಾಳಿ ಎಳೆಯುವ ಸದ್ದು ಕೂಡ ಕೇಳುತ್ತಿತ್ತು... ಹ್... ಹ್...

ಅವನು ಮನೆಗೆ ಹೋಗಲಿಲ್ಲ. ನೇರ ದೊಡ್ಡ ಬೀದಿಗೆ ಹೋಗಿ ಆಕೆಯ ಬಾಗಿಲು ತಟ್ಟಿದ. ಬೆಕ್ಕು ಹಿಂದೆಯೇ ಬಂತು.

"ಅಕ್ಕಾ, ಇಲಿ ತಿಂದಿರಲಿಲ್ಲ."

"ಹೂಂ."

"ನಾನೇ ಕಿತ್ತು ಒಲೆಗೆ ಹಾಕಿದೆ. ಚೆಂದ ಮಾಡಿಕೊಡೋಣ ಅಂತ..."

ಆಕೆ ಬಗ್ಗಿ ಬೆಕ್ಕಿನ ತಲೆ ಸವರಿದಳು. ಆಮೇಲೆ ಮೆಲ್ಲಗೆ ಅಂದಳು: "ಹಿಂದೆ ಒಂದು ಜ್ವರ ಬಂದಿತ್ತಲ್ಲಪ್ಪ, ಆಗಿನಿಂದ ನನ್ನ ಮೂಗು ಸತ್ತುಹೋಗಿದೆ. ಹೂವೂ ಒಂದೇ, ಸೀಮೆಎಣ್ಣೆಯೂ ಒಂದೇ. ಅವರ ವಾಸನೆ ಕುರ್ಚೀಲಿ ಇದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ದಿನಾ ಸಂಜೆ ಇದು ಅಲ್ಲಿ ಮೂಸಿ, ಬಾಯಿ ತೆರೆದು, ಮುಖ ಸೊಟ್ಟಗೆ ಮಾಡೋದು. ಬೇರೆ ಯಾವುದಕ್ಕೂ ಹಾಗೆ ಮಾಡ್ತಿರಲಿಲ್ಲ. ಇದರ ಮುಖ ನೋಡಿ, ಇವತ್ತೂ ಇದ್ದಾರೆ ಅಂದುಕೊಂಡು ಮಲಗ್ತಿದ್ದೆ."

ತಾನು ಸುಟ್ಟದ್ದು ಏನು ಅಂತ ಮೊಳೆಬಾಯಿಗೆ ತಿಳಿದದ್ದು ಆಗಲೇ. ಹಿಂದಕ್ಕೆ ಕೊಡಲು ಅವನ ಹತ್ತಿರ ಬೂದಿಯೂ ಉಳಿದಿರಲಿಲ್ಲ. ಒಳಗೆ ಹೋಗಿ, ನೆಲದ ಮೇಲೆ ಕೂತು, ಬಲಗೈಯನ್ನು ಹಸಿರು ಮಖಮಲ್ಲಿನ ಮೇಲೆ ಇಟ್ಟ. ಬೆಕ್ಕು ಹಾರಿತು. ಮೂಸಿತು. ಬಾಯಿ ತೆರೆಯಿತು.

ಆಕೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ನಾಳೆ ಬರ್ತೀಯಾ?"

ಬಂದ. ನಾಲ್ಕು ವರ್ಷ, ಒಂದು ಸಂಜೆ ತಪ್ಪಿಸದೆ ಬಂದ. ಬೇರೆ ಊರಿನ ದೊಡ್ಡ ಕಾರ್ಖಾನೆಯವರು ಒಳ್ಳೆಯ ಸಂಬಳಕ್ಕೆ ಕರೆದರೂ ಹೋಗಲಿಲ್ಲ. "ಸಂಜೆ ಒಂದು ಕಡೆ ಕೈ ಇಡೋದಿದೆ" ಅನ್ನುತ್ತಿದ್ದ, ನಾವೆಲ್ಲ ನಗುತ್ತಿದ್ದೆವು. ಆ ಕೈಯನ್ನು ಸೋಪಿನಲ್ಲಿ ತೊಳೆದ, ಸೀಮೆಎಣ್ಣೆಯಲ್ಲಿ ತೊಳೆದ, ದಿನವಿಡೀ ಅಂಟಿನಲ್ಲಿ ಅದ್ದಿದ. ನಮಗೆ ಮೂಸಿದರೆ ಅಂಟಿನ ವಾಸನೆ ಬಿಟ್ಟು ಬೇರೇನಿಲ್ಲ. ಬೆಕ್ಕಿಗೆ ಮಾತ್ರ ಅದೇ ಮುಖ. ಎಡಗೈ ಒಡ್ಡಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಹೋದ ವರ್ಷ ಆಕೆ ತೀರಿಕೊಂಡಳು. ಆಸ್ಪತ್ರೆಯಲ್ಲಿ, ನಡುಮಧ್ಯಾಹ್ನ. ಇವನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಬಾಗಿಲ ಗಾಜಿನಿಂದ ನೋಡಿದ್ದಷ್ಟೇ. ಮುದಿಯಾಗಿದ್ದ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ತನ್ನ ಮನೆಗೆ ತಂದ. ಸಂಜೆ ಅದು ಎಂದಿನ ಹಾಗೆ ಬಲಗೈ ಮೂಸಿತು, ಬಾಯಿ ತೆರೆಯಿತು. ಆಮೇಲೆ ಅವನ ತೊಡೆ ದಾಟಿ ಈ ಕಡೆಗೆ ಬಂದು ಎಡಗೈ ಮೂಸಿತು. ಅಲ್ಲೂ ಬಾಯಿ ತೆರೆಯಿತು.

ನಂಬದವರು ಅವನ ಮನೆಗೇ ಹೋಗಿ ನೋಡಿ. ನಾನು ಹೋಗಿದ್ದೆ, ಅಲ್ಲೇ ಮುಂದೆ ಕೂತು ಕಣ್ಣಾರೆ ನೋಡಿದ್ದೇನೆ. ಆಕೆ ಒಂದು ದಿನವೂ ಅವನ ಎಡಗೈ ಮುಟ್ಟಿದವಳಲ್ಲ.