ಸಾಲಿನಲ್ಲಿ ನಾಲ್ಕನೆಯವಳು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ. ಕಿವಿಗಳೇನೋ ತೆರೆದೇ ಇದ್ದವು. ಪಕ್ಕದಲ್ಲಿ ಒಬ್ಬಾಕೆ, ಚೀಟಿ ಹಿಡಿದು ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಜನ ತಂತಮ್ಮ ಕಂಪ್ಯೂಟರಿನ ಫೈಲುಗಳನ್ನು ಹಂಚಿಕೊಳ್ಳುವ ಪ್ರೋಗ್ರಾಂ ಒಂದನ್ನು ಆ ತಮ್ಮ ಬರೆದಿದ್ದನಂತೆ. ಚೀಟಿಯಲ್ಲಿದ್ದದ್ದು ಅದಕ್ಕೆ ಅವಳ ಸಲಹೆಗಳು.

"ಮೊದಲನೇದು, ಏನೂ ಹಂಚದೋರನ್ನ ಸಾಲಿನ ಕೊನೆಗೆ ತಳ್ಳೋ ರೂಲ್ಸ್ ತೆಗಿ."

"ತೆಗೆದ್ರೆ ಎಲ್ರೂ ಬಾಚ್ಕೊಂಡು ಓಡ್ತಾರೆ ಅಕ್ಕ."

"ಅಪ್ಪ ಮಾತಾಡಿರೋ ರೇಡಿಯೋ ನಾಟಕದ ರೆಕಾರ್ಡಿಂಗ್ ಇರೋದು ಪ್ರಪಂಚದಲ್ಲಿ ನಿನ್ನ ಪ್ರೋಗ್ರಾಂನಲ್ಲಿರೋ ಯಾವನೋ ಒಬ್ಬನ ಹತ್ರ ಕಣೋ. ಭಾನುವಾರ ಎಲ್ಲಾ ಅಳಿಸ್ತಾನಂತೆ. ಅವನ ಫೈಲುಗಳಿಗೆ ಇನ್ನೂರು ಜನ ಸಾಲು ನಿಂತಿದ್ರು, ಕೊನೇಲಿ ನಾನಿದ್ದೆ!"

"ನೀನೂ ಏನಾದ್ರೂ ಹಂಚು, ಮುಂದೆ ಹೋಗ್ತೀಯ ಅಂತ ನಾನು ಹೇಳಿದ್ನಲ್ಲ?"

"ನನ್ ಹತ್ರ ಏನಿತ್ತು, ಮಣ್ಣು? ಡಾಕ್ಟರಿಗೆ ಕೇಳ್ಸೋಕೆ ಅಂತ ನಿಮ್ಮ ಭಾವನ ಗೊರಕೆ ರೆಕಾರ್ಡ್ ಮಾಡಿದ್ದೆ. ಅದನ್ನೇ ಹಾಕ್ದೆ."

"ಅಯ್ಯೋ! ಯಾರಾದ್ರೂ ತಗೊಂಡ್ರಾ?"

"ಮುನ್ನೂರು ಜನ. ಅದಕ್ಕೇ ಎರಡನೇ ಸಲಹೆ: ಹಾಕಿದ್ದನ್ನ ವಾಪಸ್ ತಗೊಳ್ಳೋಕೆ ಒಂದು ಬಟನ್ ಇಡು. ಇವರಿಗೆ ಗೊತ್ತಾದ್ರೆ ನನ್ನ ಗತಿ ಅಷ್ಟೆ."

"ಈಗ ಸಾಲಲ್ಲಿ ಎಷ್ಟನೆಯವಳು?"

"ನಾಲ್ಕು."

"ವಾಪಸ್ ತಗೊಂಡ್ರೆ ಮತ್ತೆ ಕೊನೆಗೇ. ಇಂಥದ್ದೇ ಇನ್ನೊಂದು ಹಾಕಿದ್ರೆ ನಾಳೆ ನೀನೇ ಮೊದಲು."

ಅವಳು ಚೀಟಿ ಮಡಚಿದಳು. ಅಷ್ಟರಲ್ಲಿ ಒಳಗಿನಿಂದ ಅವಳ ಗಂಡ ಬಾಯ್ತುಂಬ ಹತ್ತಿ ಕಚ್ಚಿಕೊಂಡು ಹೊರಬಂದು, ಏನು ಸಮಾಚಾರ ಎನ್ನುವಂತೆ ಹುಬ್ಬು ಹಾರಿಸಿದರು. ಅವಳು ಓಡಿಹೋಗಿ ತೋಳು ಹಿಡಿದಳು.

"ಏನಿಲ್ಲ ರೀ. ತುಂಬಾ ಸುಸ್ತಾಗಿದೀರ. ನಡೀರಿ, ಮನೆಗೆ ಹೋಗಿ ಅಂಗಾತ ಮಲಗಿಬಿಡಿ."

ತಮ್ಮ ಮುಂದೆ ಓಡಿ ಬಾಗಿಲು ತೆರೆದು, ಭಾವನಿಗೆ ದಾರಿ ಬಿಟ್ಟ.