ನಗೋ ಕುರಿಯ ಪುಸ್ತಕ

ಆ ಪುಸ್ತಕ ಮುಚ್ಚಿಡು ಪುಟ್ಟಿ, ಕೊನೇ ಹಾಳೆ ನಂಗೆ ತೋರಿಸಬ್ಯಾಡ, ಆ ಕುರಿ ನಗೋದು ನೋಡಿದ್ರೆ ಮೈ ಉರೀತೈತೆ. ನಮ್ಮ ಕುರಿ ಅದು, ಗೊತ್ತೇನು? ಅದನ್ನ ಬರೆದ ಜಪಾನಿನ ಆಯಮ್ಮ ಜಗಳೂರಾಗೆ ಬಸ್ಸಿಳಿದು ನಮ್ಮ ಹಟ್ಟಿಗೆ ಬಂದಿದ್ಲು, ನಿಮ್ಮಪ್ಪನ ಮದುವೆಗೂ ಮುಂಚೆ... ಅಲ್ಲಲ್ಲ, ಮದುವೆ ಆದ ವರ್ಷ. ತಲೆಯೆಲ್ಲ ಬೆಳ್ಳಗೆ. ಮಕ್ಕಳಿಗೆ ಚಿತ್ರದ ಪುಸ್ತಕ ಮಾಡೋದೇ ಆಯಮ್ಮನ ಕೆಲಸ. ಜೊತೆಗೊಬ್ಬ ಹುಡುಗಿ, ನಮ್ಮ ಮಾತು ಆಯಮ್ಮಂಗೆ, ಆಯಮ್ಮನ ಮಾತು ನಮಗೆ ಹೇಳಾಕೆ. ಆಯಮ್ಮ ಕುರಿ ದೊಡ್ಡಿ ಮುಂದೆ ನೆಲದ ಮ್ಯಾಲೇ ಕುಂತು ಚಿತ್ರ ಬರೆಯೋಳು, ಹಿಕ್ಕೆ ಗಿಕ್ಕೆ ಅಂತ ಅಸಹ್ಯ ಪಟ್ಟೋಳಲ್ಲ, ಅದೊಂದು ಒಪ್ಪಬೇಕು.

ಆವಾಗ ನಮ್ಮ ಒಂದು ಕುರೀದು ಮರಿ ಸತ್ತಿತ್ತು, ಇನ್ನೊಂದು ಮರಿಗೆ ತಾಯಿ ಇರಲಿಲ್ಲ. ನಮ್ಮಲ್ಲಿ ಏನ್ಮಾಡ್ತಾರೆ, ಸತ್ತ ಮರಿ ಚರ್ಮ ಸುಲಿದು ತಬ್ಬಲಿ ಮರಿಗೆ ಹೊದಿಸ್ತಾರೆ. ತಾಯಿ ಮೂಸಿ ಮೂಸಿ ನೋಡ್ತೈತೆ, ತನ್ನ ಮರೀನೇ ಅನ್ಕಂಡು ಹಾಲು ಬಿಡ್ತೈತೆ. ಆಯಮ್ಮ ಕುಂಚ ಹಿಡ್ಕಂಡು ಅದನ್ನೇ ನೋಡ್ತಾ ಕುಂತ್ಲು. ನಂಗೆ ತಡೀಲಿಲ್ಲ, ಹೇಳಿಬಿಟ್ಟೆ. ನನ್ನ ಚೊಚ್ಚಲ ಕೂಸು ಸತ್ತ ವಾರದಾಗೇ ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ, ಹೆತ್ತು ಸತ್ಲು. ನಮ್ಮತ್ತೆ ಏನ್ಮಾಡಿದ್ಲು, ನನ್ನ ಕೂಸಿನ ಕುಂಚಿಗೆ, ಇನ್ನೂ ಒಗೆದಿರ್ಲಿಲ್ಲ ಅದನ್ನ, ಅದನ್ನೇ ಆ ಕೂಸಿನ ತಲೆಗೆ ಕಟ್ಟಿ ನನ್ನ ಮಡಿಲಿಗೆ ತಂದಿಟ್ಲು. ಹಾಲು ಕುಡಿಸು ಅಂದ್ಲು, ಅಷ್ಟೇ. ಎದೆ ನನ್ನ ಮಾತು ಕೇಳಲಿಲ್ಲ, ಹಾಲು ಇಳೀತು. ಆ ಕೂಸೇ ನಿಮ್ಮಪ್ಪ. ಸಾಕಿದೀನಿ, ಪ್ರೀತೀನೂ ಬಂತು, ಇಲ್ಲ ಅನ್ನಲ್ಲ. ಆದ್ರೆ ಆವತ್ತು ನಾನು ನಗಲಿಲ್ಲ.

ಅದಕ್ಕೇ ಆಯಮ್ಮಂಗೆ ಅಂದೆ, "ಕುರಿ ಬರ್ಕಳ್ರಿ, ನಗೋ ಹಂಗೆ ಮಾತ್ರ ಬರೀಬ್ಯಾಡ್ರಿ." ಕುಂಚ ಕೆಳಗಿಟ್ಲು ಅವಳು. ಆಮ್ಯಾಲೆ ಹೇಳಿದ್ಲು, ತಾನು ಸಣ್ಣೋಳಿದ್ದಾಗ ಯುದ್ಧ ಅಂತೆ, ತಿನ್ನಾಕೆ ಗೆಣಸಿನ ಬಳ್ಳೀನೂ ಸಿಗ್ತಿರಲಿಲ್ಲಂತೆ, ಅವ್ವನ ಎದೆ ಬತ್ತಿ ತಮ್ಮ ಸತ್ನಂತೆ. "ನಮ್ಮವ್ವ ಸಾಯೋ ತನಕ ನಗಲಿಲ್ಲ. ಅದಕ್ಕೇ ನನ್ನ ಎಲ್ಲಾ ಪುಸ್ತಕದಾಗೂ ಅವ್ವನ್ನ ನಗಿಸ್ತೀನಿ" ಅಂದ್ಲು. ಪಾಪ ಅನ್ನಿಸ್ತು, ಸಿಟ್ಟೂ ಬಂತು. "ನಿಮ್ಮವ್ವನ್ನ ನಗಿಸ್ಕಳ್ರಿ, ನನ್ನ ಕುರಿ ಬಿಡ್ರಿ" ಅಂದೆ. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ಲು. ಒಪ್ಪಿದ್ಲು ಅನ್ಕಂಡೆ ನಾನು. ಈಗ ನಿಮ್ಮ ಇಸ್ಕೂಲಿಗೆ ಕನ್ನಡದಾಗೇ ಬಂದೈತೆ, ಕುರಿ ಹಲ್ಲು ಕಿಸ್ಕಂಡು ನಿಂತೈತೆ. ಆಯಮ್ಮ ತೀರಿಕೊಂಡ್ಲು ಅಂತ ಹಿಂದಿನ ರಟ್ಟಿನಾಗೆ ಬರೆದಾರಂತೆ, ಇನ್ನು ಜಗಳ ಆಡಾಕೂ ಯಾರಿಲ್ಲ. ಏಳು ಪುಟ್ಟಿ, ರೊಟ್ಟಿ ಆರ್ತಾವೆ. ಅಳ್ತಾ ಇಕ್ಕಿದೋರ ಕೈಯಾಗೆ ಉಂಡೋರು ಉಂಡು ಸುಮ್ಮನೆ ಏಳ್ಬೇಕು, ನಗು ಅಂತ ಮಾತ್ರ ಕೇಳಬಾರ್ದು.