ದೊಡ್ಡದು ಕೆಳಗೆ, ಸಣ್ಣದು ಮೇಲೆ

ಬೊಮ್ಮಸಂದ್ರದ ಆಸ್ಪತ್ರೆಯೊಂದರ ಬೆಂಚಿನಲ್ಲಿ, ನನ್ನ ಪಕ್ಕ, ಕಾರ್ಖಾನೆಯ ಸಮವಸ್ತ್ರದಲ್ಲೇ ಒಬ್ಬ ತಾಯಿ ಕೂತಿದ್ದಳು. ಅಂಗನವಾಡಿ ಟೀಚರ್ ಓಡಿ ಬಂದರು.

"ಮಹಾನಂದಾ, ಮಗು ಕಿಟಕಿಯಿಂದ ಬಿದ್ದಾಗ ಮನೇಲಿ ಯಾರೂ ಇರ್ಲಿಲ್ವಾ?"

"ಅಂಗನವಾಡಿ ರಜಾ ಇತ್ತಲ್ರಿ. ಕೀಲಿ ಹಾಕಿ ಡ್ಯೂಟಿಗೆ ಹೋಗಿದ್ದೆ."

"ಅಷ್ಟೆತ್ತರ ಹೆಂಗೆ ಹತ್ತಿದ್ಲು?"

"ಡಬ್ಬಿ ಒಂದರ ಮ್ಯಾಲೊಂದು ಇಟ್ಟಾಳ್ರಿ. ದೊಡ್ಡದು ಕೆಳಗ, ಸಣ್ಣದು ಮ್ಯಾಲ."

ಟೀಚರ್ ಅವಳ ಪಕ್ಕ ಕೂತರು.

"ಆ ಲೆಕ್ಕದ ಆಟ ನಾನೇ ಕಲಿಸಿದ್ದು ಕಣಮ್ಮ."

"ಗೊತ್ತೈತ್ರಿ. ದಿನಾ ಮನ್ಯಾಗ ಜೋಡಿಸಿ ತೋರಸ್ತಿದ್ಲು. ಎಷ್ಟ್ ಶಾಣ್ಯಾಕಿ ಅಂತ ಹಿಗ್ಗಿದ್ದೆ."

"ಡಾಕ್ಟ್ರು ಏನಂದ್ರು?"

"ಇನ್ನೂ ಕಣ್ಣು ಬಿಟ್ಟಿಲ್ರಿ."

ನರ್ಸ್ ಬಾಗಿಲು ತೆರೆದು ತಾಯಿಯನ್ನು ಕರೆದಳು. ಮಹಾನಂದಾ ಎದ್ದವಳು ಟೀಚರ್ ಕೈ ಹಿಡಿದಳು.

"ನೀವೂ ಬರ್ರಿ. ನಿಮ್ಮ ದನಿ ಕೇಳಿದ್ರ ಏಳ್ತಾಳೇನೋ."

ಇಬ್ಬರೂ ಒಳಗೆ ಹೋದರು.